ಶ್ರೀವ್ಯಾಸರಾಜರು ಮತ್ತು ಈಶ್ವರಸಾಧನೆಯ ಪ್ರಶ್ನೆ

ಫಾಲ್ಗುಣ ಬಹುಳ ಚತುರ್ಥಿಯು ಚಂದ್ರಿಕಾಚಾರ್ಯರೆಂದು ಪ್ರಸಿದ್ಧರಾದ ಶ್ರೀವ್ಯಾಸರಾಜಗುರುಸಾರ್ವಭೌಮರ ಆರಾಧನೆಯ ಪುಣ್ಯದಿನ. ಪಂಚಾಮೃತ, ಅಲಂಕಾರ, ಹಸ್ತೋದಕ, ತೀರ್ಥಪ್ರಸಾದಗಳೊಡನೆ ಈ ದಿನವನ್ನು ನಾವು ಭಕ್ತಿಯಿಂದ ಆಚರಿಸುತ್ತೇವೆ. ಅವರ ಚರಿತ್ರೆಯಲ್ಲಿ ಬರುವ ಸಿಂಹಾಸನದ ಪ್ರಸಂಗವನ್ನೂ, ಅವರು ಪ್ರತಿಷ್ಠಿಸಿದ ಪ್ರಾಣದೇವರ ಮಹಿಮೆಯನ್ನೂ ಮಕ್ಕಳಿಗೆ ಹೇಳುತ್ತೇವೆ. ಆದರೆ ಶ್ರೀಗಳವರು ತಮ್ಮ ಆಯುಷ್ಯದ ಬಹುಭಾಗವನ್ನು ಯಾವ ಕಾರ್ಯಕ್ಕೆ ಮುಡಿಪಾಗಿಟ್ಟರೋ ಅದರ ವಿಷಯವನ್ನು ಮಾತ್ರ ಕಠಿಣವೆಂದು ಬದಿಗಿರಿಸುತ್ತೇವೆ. ಆ ಕಾರ್ಯವೆಂದರೆ ಯುಕ್ತಿಗಳ ಪರೀಕ್ಷೆ. ಅದರಲ್ಲಿಯೂ ದೇವರಿದ್ದಾನೆಂದು ಸಾಧಿಸಹೊರಟ ಯುಕ್ತಿಗಳ ಪರೀಕ್ಷೆ.

ಈ ಪ್ರಶ್ನೆ ಪಂಡಿತರಿಗೆ ಮಾತ್ರ ಸಂಬಂಧಿಸಿದ್ದಲ್ಲ. ತಾಯ್ನಾಡನ್ನು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಇದು ಎಂದಾದರೊಂದು ದಿನ ತಾನಾಗಿಯೇ ಬಂದು ನಿಲ್ಲುತ್ತದೆ. ಕಾಲೇಜಿನಲ್ಲಿ ವಿಜ್ಞಾನ ಓದುತ್ತಿರುವ ಮಗನೋ ಮಗಳೋ, ದೇವರಿದ್ದಾನೆಂಬುದಕ್ಕೆ ಪ್ರಮಾಣವೇನೆಂದು ಕೇಳುತ್ತಾರೆ. ಕಟ್ಟುವವನಿಲ್ಲದೆ ಮನೆಯುಂಟೇ, ಹಾಗೆಯೇ ಈ ಜಗತ್ತಿಗೂ ಒಬ್ಬ ಕರ್ತನಿರಬೇಕಲ್ಲವೇ ಎಂದು ಹಿರಿಯರು ಉತ್ತರಿಸುತ್ತಾರೆ. ಮನೆ ಕಟ್ಟುವವನಿಗೆ ಕೈಕಾಲುಗಳಿವೆ, ದೇವರಿಗೂ ಹಾಗೆಯೇ ಇವೆಯೇ ಎಂಬ ಮರುಪ್ರಶ್ನೆ ಬರುತ್ತದೆ. ಅಲ್ಲಿಗೆ ಹಿರಿಯರ ಸಹನೆ ಮುಗಿಯುತ್ತದೆ. ಮಾತು ನಿಲ್ಲುತ್ತದೆ, ಸಂಶಯ ನಿಲ್ಲುವುದಿಲ್ಲ.

ಆ ಹಿರಿಯರು ಹೇಳಿದ ಯುಕ್ತಿ ನ್ಯಾಯದರ್ಶನದ್ದು, ಮಾಧ್ವಸಿದ್ಧಾಂತದ್ದಲ್ಲ. ಆ ಮಗು ಎತ್ತಿದ ಆಕ್ಷೇಪವನ್ನಾದರೋ ನಮ್ಮ ಪೂರ್ವಾಚಾರ್ಯರೇ ಎತ್ತಿ ವಿಚಾರಿಸಿದ್ದಾರೆ. ಈ ಮಾತು ಅನೇಕರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಶ್ರೀವ್ಯಾಸರಾಜರ ಜೀವಿತವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಸ್ಮರಿಸುವುದು ಈ ಲೇಖನದ ಉದ್ದೇಶ.

ಮೈಸೂರು ಜಿಲ್ಲೆಯ ಬನ್ನೂರು ಅವರ ಜನ್ಮಸ್ಥಳ. ಜನನವು ಸುಮಾರು ೧೪೬೦ರಲ್ಲಿ ಆಯಿತೆಂಬುದು ಅನೇಕ ವಿದ್ವಾಂಸರ ಗಣನೆ. ತಂದೆ ಬಲ್ಲಣ್ಣ ಸುಮತಿ. ಅಬ್ಬೂರಿನ ಶ್ರೀಬ್ರಹ್ಮಣ್ಯತೀರ್ಥರ ಅನುಗ್ರಹದಿಂದ ಜನಿಸಿದ ಈ ಶಿಶುವಿಗೆ ಯತಿರಾಜನೆಂದು ಹೆಸರಿಟ್ಟರು. ಉಪನಯನಾನಂತರ ಬಾಲಕನು ಆ ಗುರುಗಳ ಆಶ್ರಯಕ್ಕೆ ಬಂದು, ಅವರಿಂದಲೇ ತುರೀಯಾಶ್ರಮವನ್ನು ಪಡೆದು ವ್ಯಾಸತೀರ್ಥರೆನಿಸಿದನು. ಅವರ ಸಮಕಾಲೀನನಾದ ಸೋಮನಾಥಕವಿಯು ಸಂಸ್ಕೃತದಲ್ಲಿ ರಚಿಸಿದ ವ್ಯಾಸಯೋಗಿಚರಿತವೆಂಬ ಚಂಪೂಕಾವ್ಯವು ೧೯೨೬ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಅವರ ಜೀವನವನ್ನು ತಿಳಿಯಲು ಅದು ಮುಖ್ಯವಾದ ಆಧಾರ.

ಗುರುಗಳು ಬೇಗನೆ ವೃಂದಾವನಸ್ಥರಾದರು. ಚಿಕ್ಕ ವಯಸ್ಸಿನಲ್ಲಿಯೇ ಪೀಠದ ಭಾರವು ಶಿಷ್ಯರ ಮೇಲೆ ಬಿದ್ದಿತು. ಆಗ ಆ ತರುಣ ಯತಿಗಳು ಕೈಗೊಂಡ ನಿರ್ಧಾರವನ್ನು ಗಮನಿಸಬೇಕು. ಅವರು ವಿದ್ಯಾಕೇಂದ್ರವಾದ ಕಂಚಿಗೆ ತೆರಳಿದರು. ಅಲ್ಲಿ ನ್ಯಾಯ, ಮೀಮಾಂಸಾದಿ ದರ್ಶನಗಳನ್ನೂ, ಶಾಂಕರ, ರಾಮಾನುಜ ಭಾಷ್ಯಗಳ ಸಂಪ್ರದಾಯಗಳನ್ನೂ ವರ್ಷಗಟ್ಟಲೆ ವ್ಯಾಸಂಗಮಾಡಿದರು. ಪರಮತವನ್ನು ಕೇಳಿದ ಮಾತಿನಿಂದ ಅಳೆಯದೆ, ಅದರ ಗ್ರಂಥಗಳಿಂದಲೇ, ಅದನ್ನು ಬಲ್ಲವರಿಂದಲೇ ತಿಳಿಯಬೇಕೆಂಬ ನಿಯಮವನ್ನು ಅವರು ಕೊನೆಯವರೆಗೂ ಪಾಲಿಸಿದರು.

ಕಂಚಿಯಿಂದ ಅವರು ಬಂದದ್ದು ಮುಳಬಾಗಿಲಿಗೆ. ಅಲ್ಲಿ ಶ್ರೀಲಕ್ಷ್ಮೀನಾರಾಯಣತೀರ್ಥರು, ಎಂದರೆ ನಾವೆಲ್ಲ ಶ್ರೀಪಾದರಾಜರೆಂದು ಸ್ಮರಿಸುವ ಮಹಾನುಭಾವರು ವಿರಾಜಮಾನರಾಗಿದ್ದರು. ನ್ಯಾಯಸುಧೆಗೆ ವಾಗ್ವಜ್ರವೆಂಬ ಟಿಪ್ಪಣಿಯನ್ನು ಬರೆದ ಪ್ರೌಢಪಂಡಿತರು ಅವರು; ಕನ್ನಡದಲ್ಲಿ ದೇವರನಾಮಗಳನ್ನು ರಚಿಸಿದ ಭಕ್ತಶ್ರೇಷ್ಠರೂ ಅವರೇ. ತರ್ಕಕರ್ಕಶವಾದ ಬುದ್ಧಿಯೂ ಭಕ್ತಿಯಿಂದ ಕರಗುವ ಹೃದಯವೂ ಒಬ್ಬರಲ್ಲಿಯೇ ಇರಬಹುದೆಂಬುದನ್ನು ವ್ಯಾಸತೀರ್ಥರು ಈ ಗುರುಗಳ ಸನ್ನಿಧಿಯಲ್ಲಿ ಪ್ರತ್ಯಕ್ಷವಾಗಿ ಕಂಡರು.

ಗುರುಗಳ ಆಜ್ಞೆಯಂತೆ ಅವರು ಸಾಳುವ ನರಸಿಂಹನ ಚಂದ್ರಗಿರಿಗೆ ತೆರಳಿದರು. ತಿರುಮಲೆಯಲ್ಲಿ ಹನ್ನೆರಡು ವರ್ಷಗಳ ಕಾಲ ಶ್ರೀನಿವಾಸದೇವರ ಪೂಜೆಯನ್ನು ನಡೆಸಿದರೆಂದು ಸಂಪ್ರದಾಯವು ಹೇಳುತ್ತದೆ. ಅನಂತರ ವಿಜಯನಗರವು ಅವರ ಕಾರ್ಯಕ್ಷೇತ್ರವಾಯಿತು. ಕಳಿಂಗದಿಂದ ಬಂದ ಬಸವಭಟ್ಟನೆಂಬ ವಿದ್ವಾಂಸನೊಡನೆ ಅನೇಕ ದಿನಗಳ ವಾದ ನಡೆದು ಶ್ರೀಗಳವರಿಗೆ ಜಯವಾಯಿತೆಂದು ಸೋಮನಾಥನ ಕಾವ್ಯದಿಂದ ತಿಳಿಯುತ್ತದೆ. ೧೫೦೯ರಿಂದ ೧೫೨೯ರವರೆಗೆ ಆಳಿದ ಶ್ರೀಕೃಷ್ಣದೇವರಾಯನು ಅವರನ್ನು ಗುರುಭಾವದಿಂದ ಕಂಡು ರತ್ನಾಭಿಷೇಕದಿಂದ ಗೌರವಿಸಿದನು. ೧೫೨೬ರಲ್ಲಿ ಅವನು ಬೆಟ್ಟಕೊಂಡ ಗ್ರಾಮವನ್ನು ದಾನವಿತ್ತ ವಿಷಯ ತಾಮ್ರಶಾಸನದಲ್ಲಿದೆ; ಅಲ್ಲಿಯ ದೊಡ್ಡ ಕೆರೆಗೆ ವ್ಯಾಸಸಮುದ್ರವೆಂದೇ ಹೆಸರು. ರಾಯನಿಗೆ ಕುಹಯೋಗವು ಒದಗಿದಾಗ ಶ್ರೀಗಳವರು ಸ್ವಲ್ಪಕಾಲ ಸಿಂಹಾಸನವನ್ನೇರಿ ಆ ಕಂಟಕವನ್ನು ನಿವಾರಿಸಿದರೆಂಬುದು ಪರಂಪರೆಯಿಂದ ಬಂದ ಪ್ರಸಿದ್ಧ ವೃತ್ತಾಂತ. ವ್ಯಾಸರಾಜರೆಂಬ ಹೆಸರು ಆ ಪ್ರಸಂಗದೊಡನೆಯೇ ನಮ್ಮ ಮನಸ್ಸಿನಲ್ಲಿ ಬೆಸೆದುಕೊಂಡಿದೆ.

ರಾಜಸನ್ಮಾನ, ಮಠದ ಆಡಳಿತ, ನೂರಾರು ವಿದ್ಯಾರ್ಥಿಗಳ ಪೋಷಣೆ, ನಿತ್ಯದ ಪಾಠಪ್ರವಚನ ಇವುಗಳ ನಡುವೆ ಅವರು ರಚಿಸಿದ ನ್ಯಾಯಾಮೃತ, ತಾತ್ಪರ್ಯಚಂದ್ರಿಕೆ, ತರ್ಕತಾಂಡವ ಎಂಬ ಮೂರು ಮಹಾಗ್ರಂಥಗಳು ವ್ಯಾಸತ್ರಯವೆಂದು ಖ್ಯಾತವಾಗಿವೆ. ನ್ಯಾಯಾಮೃತದಲ್ಲಿ ಜಗತ್ತು ಮಿಥ್ಯೆಯೆಂಬ ವಾದದ ವಿಮರ್ಶೆ ಪ್ರಧಾನ. ಚಂದ್ರಿಕೆಯು ಶ್ರೀಮಟ್ಟೀಕಾಕೃತ್ಪಾದರ ತತ್ತ್ವಪ್ರಕಾಶಿಕೆಗೆ ವಿವರಣರೂಪವಾದುದು. ತರ್ಕತಾಂಡವವು ನ್ಯಾಯವೈಶೇಷಿಕರ ಪ್ರಮಾಣವಿಚಾರವನ್ನು ಆಮೂಲಾಗ್ರವಾಗಿ ಶೋಧಿಸುತ್ತದೆ. ನಮ್ಮ ಪ್ರಶ್ನೆಗೆ ಸಂಬಂಧಿಸಿದ ವಿಚಾರವು ಈ ಮೂರನೆಯ ಗ್ರಂಥದಲ್ಲಿದೆ.

ಇಲ್ಲಿ ಒಂದು ಶಬ್ದದ ಅರ್ಥವನ್ನು ಮೊದಲು ತಿಳಿಯಬೇಕು. ಅನುಮಾನವೆಂದರೆ ನಮ್ಮ ಆಡುಮಾತಿನಲ್ಲಿ ಸಂಶಯ. ಶಾಸ್ತ್ರದಲ್ಲಿಯಾದರೋ ಅದು ಸಂಶಯವನ್ನು ಕಳೆಯುವ ಸಾಧನ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ನಿಶ್ಚಯಿಸುವುದು ಅನುಮಾನ. ಹೊಗೆಯಿದ್ದಲ್ಲೆಲ್ಲ ಬೆಂಕಿಯಿದ್ದೇ ಇರುತ್ತದೆಂಬ ನಿಯಮಕ್ಕೆ ವ್ಯಾಪ್ತಿಯೆಂದು ಹೆಸರು. ಈ ನಿಯಮವು ಗಟ್ಟಿಯಾಗಿದ್ದರೆ ಅನುಮಾನವೂ ಗಟ್ಟಿ; ಇದು ಸಡಿಲವಾದರೆ ಅನುಮಾನವು ಕುಸಿಯುತ್ತದೆ.

ನ್ಯಾಯದರ್ಶನದ ಆಚಾರ್ಯರು ಪರಮ ಆಸ್ತಿಕರು. ಉದಯನಾಚಾರ್ಯನು ನ್ಯಾಯಕುಸುಮಾಂಜಲಿಯೆಂಬ ಗ್ರಂಥವನ್ನೇ ಈಶ್ವರಸಾಧನೆಗಾಗಿ ರಚಿಸಿದನು. ಮಿಥಿಲೆಯ ಗಂಗೇಶೋಪಾಧ್ಯಾಯನು ತತ್ತ್ವಚಿಂತಾಮಣಿಯಲ್ಲಿ ಅದೇ ವಿಷಯವನ್ನು ಇನ್ನೂ ಸೂಕ್ಷ್ಮವಾಗಿ ಪ್ರತಿಪಾದಿಸಿದನು. ಅವರ ಪ್ರಧಾನಯುಕ್ತಿ ಹೀಗಿದೆ: ಪೃಥಿವಿ, ಮೊಳಕೆ ಮೊದಲಾದವು ಹುಟ್ಟಿದ ವಸ್ತುಗಳು, ಎಂದರೆ ಕಾರ್ಯಗಳು. ಕಾರ್ಯವಾದದ್ದಕ್ಕೆಲ್ಲ ಕರ್ತೃವೊಬ್ಬನಿರುತ್ತಾನೆ, ಗಡಿಗೆಗೆ ಕುಂಬಾರನಿರುವಂತೆ. ಆದುದರಿಂದ ಪೃಥಿವ್ಯಾದಿಗಳಿಗೂ ಕರ್ತೃವಿದ್ದಾನೆ, ಅವನೇ ಈಶ್ವರ. ನಮ್ಮ ಮನೆಯ ಹಿರಿಯರ ಬಾಯಲ್ಲಿ ಬರುವುದು ಇದೇ ಯುಕ್ತಿ.

ಜಗತ್ತಿಗೆ ಕರ್ತೃವಿದ್ದಾನೆಂಬ ಸಿದ್ಧಾಂತವು ಶ್ರೀವ್ಯಾಸರಾಜರಿಗೂ ಸಮ್ಮತವೇ. ಹಾಗಿರುವಾಗ ಈ ಯುಕ್ತಿಯನ್ನು ಅವರು ಸುಮ್ಮನೆ ಒಪ್ಪಿಕೊಳ್ಳಬಹುದಾಗಿತ್ತು. ಅವರು ಒಪ್ಪಲಿಲ್ಲ. ತಮ್ಮ ಪಕ್ಷಕ್ಕೆ ಅನುಕೂಲವಾಗಿದೆಯೆಂಬ ಮಾತ್ರಕ್ಕೆ ದುರ್ಬಲವಾದ ಯುಕ್ತಿಗೆ ರಿಯಾಯಿತಿಯನ್ನು ಕೊಡಲಾಗದೆಂಬುದು ಅವರ ನಿಲುವು. ಶಾಸ್ತ್ರವೇ ಬ್ರಹ್ಮಜ್ಞಾನಕ್ಕೆ ಕಾರಣವೆಂದು ತಿಳಿಸುವ ಬ್ರಹ್ಮಸೂತ್ರದ ಮೂರನೆಯ ಅಧಿಕರಣದಲ್ಲಿ ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರು, ಕೇವಲ ಅನುಮಾನದಿಂದ ಜಗತ್ಕಾರಣನನ್ನು ನಿಶ್ಚಯಿಸಲು ಸಾಧ್ಯವಿಲ್ಲವೆಂದು ನಿರ್ಣಯಿಸಿದ್ದರು. ಶ್ರೀಜಯತೀರ್ಥರು ಅದನ್ನು ವಿಶದಪಡಿಸಿದ್ದರು. ನವ್ಯನ್ಯಾಯವು ಬೆಳೆದ ಮೇಲೆ ಅದರದೇ ಪರಿಭಾಷೆಯಲ್ಲಿ, ಅದರದೇ ತಕ್ಕಡಿಯಲ್ಲಿ ತೂಗಿ ತೋರಿಸಿದ ಕೀರ್ತಿ ಶ್ರೀವ್ಯಾಸರಾಜರದು.

ಮಾಧ್ವಪರಂಪರೆಯು ಈ ಯುಕ್ತಿಯಲ್ಲಿ ಕಾಣುವ ತೊಡಕುಗಳನ್ನು ಸುಲಭವಾಗಿ ಹೀಗೆ ಹೇಳಬಹುದು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆಂದು ಒಬ್ಬನು ಹೇಳಿದರೆ ನಾವು ಒಪ್ಪುವುದಿಲ್ಲ. ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಒಲೆಯಲ್ಲಿ ಹೊಗೆಯೇಳುವುದಕ್ಕೆ ಹಸಿಯ ಸೌದೆ ಕಾರಣ. ಹೀಗೆ ಮರೆಯಲ್ಲಿದ್ದು ನಿಯಮವನ್ನು ಕೆಡಿಸುವ ನಿಮಿತ್ತಕ್ಕೆ ಉಪಾಧಿಯೆಂದು ಹೆಸರು. ಗಡಿಗೆಯ ದೃಷ್ಟಾಂತದಲ್ಲಿಯೂ ಅಂಥದೊಂದು ಉಪಾಧಿಯಿದೆ. ಕುಂಬಾರ, ನೇಕಾರ, ಬಡಗಿ ಎಂದು ನಾವು ಕಂಡ ಕರ್ತೃಗಳೆಲ್ಲರೂ ಶರೀರವುಳ್ಳವರು; ಅವರ ಕಾರ್ಯಗಳೆಲ್ಲವೂ ಶರೀರವ್ಯಾಪಾರದಿಂದಾದವು. ಕಾಡಿನಲ್ಲಿ ತಾನಾಗಿ ಮೂಡುವ ಮೊಳಕೆಯು ಯಾವ ಶರೀರಿಯ ಕೈಯಿಂದಲೂ ಆದದ್ದಲ್ಲ. ಹಾಗಾದರೆ ಗಡಿಗೆಯ ನಿಯಮವನ್ನು ಅದಕ್ಕೆ ಅನ್ವಯಿಸುವುದು ಹೇಗೆ?

ನೈಯಾಯಿಕರು ಇದಕ್ಕೆ ಸಮಾಧಾನ ಹೇಳದಿರುವುದಿಲ್ಲ. ಕರ್ತೃವಾಗುವುದಕ್ಕೆ ಜ್ಞಾನ, ಇಚ್ಛೆ, ಪ್ರಯತ್ನಗಳು ಸಾಕು, ಶರೀರವನ್ನು ಸೇರಿಸುವುದು ವ್ಯರ್ಥವೆಂದು ಅವರ ಮತ. ಆದರೆ ಕಂಡ ದೃಷ್ಟಾಂತದಿಂದ ಶರೀರವನ್ನು ಒಬ್ಬನು ಕೈಬಿಡಬಹುದಾದರೆ, ಇನ್ನೊಬ್ಬನು ಜ್ಞಾನೇಚ್ಛೆಗಳನ್ನೇ ಕೈಬಿಟ್ಟು ಜಡವಾದ ಕಾರಣವೇ ಸಾಕೆನ್ನಬಹುದು. ಅಲ್ಲದೆ ಶರೀರದಿಂದ ಹುಟ್ಟದ ಆಕಾಶಕ್ಕೆ ಕರ್ತೃವಿಲ್ಲವೆಂಬುದು ನೈಯಾಯಿಕರಿಗೇ ಸಮ್ಮತ. ಹಾಗೆಯೇ ಪೃಥಿವ್ಯಾದಿಗಳಿಗೂ ಕರ್ತೃವಿಲ್ಲವೆಂದು ಪ್ರತಿಯಾದ ಅನುಮಾನವನ್ನು ಹೂಡಬಹುದು. ಎರಡು ಅನುಮಾನಗಳು ಸಮಬಲವಾಗಿ ಎದುರುನಿಂತಾಗ ಎರಡೂ ನಿರ್ಣಯಕ್ಕೆ ಬಾರವು.

ಒಂದು ವೇಳೆ ಕರ್ತೃವು ಸಿದ್ಧಿಸಿದನೆಂದೇ ಇಟ್ಟುಕೊಳ್ಳೋಣ. ಅವನು ಒಬ್ಬನೇ ಎಂಬುದಕ್ಕೆ ಆಧಾರವೇನು? ದೊಡ್ಡ ಅರಮನೆಯನ್ನೋ ರಥವನ್ನೋ ಅನೇಕರು ಕೂಡಿ ನಿರ್ಮಿಸುತ್ತಾರೆ. ಅವನು ಸರ್ವಜ್ಞನೆಂದು ತಿಳಿಯುವುದು ಹೇಗೆ? ಕುಂಬಾರನು ತನ್ನ ಗಡಿಗೆಗೆ ಬೇಕಾದಷ್ಟನ್ನು ಬಲ್ಲನೇ ಹೊರತು ಎಲ್ಲವನ್ನೂ ಬಲ್ಲವನಲ್ಲ. ಅವನು ನಿರ್ದೋಷನೂ ಅನಂತಕಲ್ಯಾಣಗುಣಪರಿಪೂರ್ಣನೂ ಜ್ಞಾನಾನಂದಮಯವಾದ ಅಪ್ರಾಕೃತ ವಿಗ್ರಹವುಳ್ಳವನೂ ಆದ ಶ್ರೀಮನ್ನಾರಾಯಣನೆಂದು ಯಾವ ಗಡಿಗೆಯ ದೃಷ್ಟಾಂತವೂ ಹೇಳಲಾರದು. ಅನುಮಾನವೊಂದನ್ನೇ ನಂಬಿ ಹೊರಟವನಿಗೆ ಕೊನೆಯಲ್ಲಿ ದೊರಕುವವನು ಒಬ್ಬ ದೊಡ್ಡ ಕುಂಬಾರನೇ ಹೊರತು, ನಾವು ಆರಾಧಿಸುವ ಶ್ರೀಹರಿಯಲ್ಲ.

ಇದನ್ನು ಕೇಳಿ ನಾಸ್ತಿಕನು ಸಂತೋಷಪಡುವ ಕಾರಣವಿಲ್ಲ. ದೇವರು ಕಾಣುವುದಿಲ್ಲವಾದ್ದರಿಂದ ಇಲ್ಲವೆಂಬ ಅವನ ಯುಕ್ತಿಯೂ ಅದೇ ತಕ್ಕಡಿಯಲ್ಲಿ ತೂಗಲ್ಪಡುತ್ತದೆ. ಕಾಣಲು ಯೋಗ್ಯವಾದ ವಸ್ತುವು ಕಾಣದಿದ್ದಾಗ ಮಾತ್ರ ಅದಿಲ್ಲವೆಂದು ನಿಶ್ಚಯಿಸಬಹುದು. ಮೇಜಿನ ಮೇಲೆ ಪುಸ್ತಕ ಕಾಣದಿದ್ದರೆ ಪುಸ್ತಕವಿಲ್ಲ. ಇಂದ್ರಿಯಕ್ಕೆ ಗೋಚರವಾಗದ ವಸ್ತುವು ಇಂದ್ರಿಯಕ್ಕೆ ಕಾಣಲಿಲ್ಲವೆಂಬುದರಿಂದ ಅದರ ಅಭಾವವು ಸಿದ್ಧಿಸುವುದಿಲ್ಲ. ಹೀಗೆ ಸ್ವತಂತ್ರವಾದ ಅನುಮಾನವು ದೇವರನ್ನು ಸಾಧಿಸಲೂ ಅಶಕ್ತ, ನಿರಾಕರಿಸಲೂ ಅಶಕ್ತ.

ಹಾಗಾದರೆ ಗತಿಯೇನು? ತರ್ಕತಾಂಡವದ ಪ್ರಕರಣಗಳ ಕ್ರಮವನ್ನು ಗಮನಿಸಿದರೆ ಉತ್ತರವು ಹೊಳೆಯುತ್ತದೆ. ಗ್ರಂಥದ ಆರಂಭದಲ್ಲಿರುವುದು ಪ್ರಾಮಾಣ್ಯದ ವಿಚಾರ. ಅನಂತರ ವೇದದ ಅಪೌರುಷೇಯತ್ವ. ಅದರ ಮೇಲೆ ಈಶ್ವರವಾದ. ನೈಯಾಯಿಕರ ಮತದಲ್ಲಿ ವೇದವು ಈಶ್ವರನ ಕೃತಿ. ಈಶ್ವರನು ಆಪ್ತನಾದುದರಿಂದ ವೇದವು ಪ್ರಮಾಣ. ವೇದಕ್ಕೆ ಈಶ್ವರನು ಆಧಾರನಾದ ಮೇಲೆ ಈಶ್ವರನಿಗೆ ವೇದವನ್ನು ಆಧಾರವಾಗಿ ಹೇಳಿದರೆ ಒಂದನ್ನೊಂದು ಆಶ್ರಯಿಸುವ ದೋಷ ಬರುತ್ತದೆ. ಅದಕ್ಕಾಗಿಯೇ ಅವರು ಅನುಮಾನದ ಮೇಲೆ ಎಲ್ಲ ಭಾರವನ್ನೂ ಹೊರಿಸಬೇಕಾಯಿತು.

ನಮ್ಮ ಸಿದ್ಧಾಂತದಲ್ಲಿ ಆ ತೊಂದರೆಯಿಲ್ಲ. ಜ್ಞಾನದ ಯಾಥಾರ್ಥ್ಯವು ಸ್ವತಃ ಸಿದ್ಧವಾದುದು. ದೋಷವು ಕಂಡಾಗ ಮಾತ್ರ ಅದನ್ನು ಬಿಡಬೇಕು. ಪ್ರತಿಯೊಂದು ಜ್ಞಾನಕ್ಕೂ ಇನ್ನೊಂದು ಜ್ಞಾನದ ಸಾಕ್ಷ್ಯ ಬೇಕೆಂದರೆ ಆ ಸರಪಳಿಗೆ ಕೊನೆಯೇ ಇರದು. ವೇದವು ಯಾರ ರಚನೆಯೂ ಅಲ್ಲದ್ದರಿಂದ ಭ್ರಮೆ, ಪ್ರಮಾದ, ವಂಚನೆ ಮೊದಲಾದ ವಕ್ತೃದೋಷಗಳಿಗೆ ಅಲ್ಲಿ ಅವಕಾಶವಿಲ್ಲ. ಅಂಥ ವೇದದಿಂದ ಭಗವಂತನು ತಿಳಿಯಲ್ಪಡುತ್ತಾನೆ. ಧರ್ಮಾಧರ್ಮಗಳನ್ನು ಅಂಗೀಕರಿಸುವವನು ಅಪೌರುಷೇಯವಾಕ್ಯವನ್ನು ಅಂಗೀಕರಿಸಲೇಬೇಕೆಂದು ಶ್ರೀಮದಾಚಾರ್ಯರು ವಿಷ್ಣುತತ್ತ್ವವಿನಿರ್ಣಯದಲ್ಲಿ ತೋರಿಸಿಕೊಟ್ಟಿದ್ದಾರೆ. ಈ ಮೆಟ್ಟಿಲುಗಳನ್ನು ಶ್ರೀವ್ಯಾಸರಾಜರು ನಂಬಿಕೆಯ ಬಲದಿಂದ ಹಾರಿ ದಾಟಲಿಲ್ಲ. ಒಂದೊಂದನ್ನೂ ಪೂರ್ವಪಕ್ಷದ ಪೆಟ್ಟಿಗೆ ಒಡ್ಡಿ, ಅದು ನಿಂತ ಮೇಲೆ ಮುಂದಿನದಕ್ಕೆ ಕಾಲಿಟ್ಟರು.

ಇದರಿಂದ ತರ್ಕಕ್ಕೆ ಬೆಲೆಯಿಲ್ಲವೆಂದು ಭಾವಿಸಲಾಗದು. ಶಾಸ್ತ್ರಶ್ರವಣದ ಅನಂತರ ಮನನವು ಬೇಕು. ಮನನವೆಂದರೆ ಯುಕ್ತಿಯಿಂದ ವಿಚಾರಿಸುವುದು. ಆಗಮಕ್ಕೆ ಅನುಸಾರಿಯಾದ ಅನುಮಾನವು ಸಂಶಯವನ್ನು ಕಳೆದು ಜ್ಞಾನವನ್ನು ದೃಢಪಡಿಸುತ್ತದೆ. ಶಾಸ್ತ್ರದಿಂದ ತಿಳಿದ ಮೇಲೆ ಜಗತ್ತಿನ ವ್ಯವಸ್ಥೆಯನ್ನು ನೋಡಿ ಅದರಲ್ಲಿ ಶ್ರೀಹರಿಯ ಮಹಿಮೆಯನ್ನು ಚಿಂತಿಸುವುದು ಯುಕ್ತವೇ. ಅದೇ ವ್ಯವಸ್ಥೆಯೊಂದನ್ನೇ ಹಿಡಿದು, ಶಾಸ್ತ್ರವಿಲ್ಲದೆ ಅವನನ್ನು ಸಾಧಿಸುತ್ತೇವೆಂದು ಹೊರಡುವುದು ಯುಕ್ತವಲ್ಲ.

ಎದುರಾಳಿಗಳ ವಿಷಯದಲ್ಲಿ ಶ್ರೀಗಳವರ ನಡೆಯೂ ಸ್ಮರಣೀಯ. ನ್ಯಾಯಾಮೃತದಲ್ಲಿ ಮಿಥ್ಯಾತ್ವಕ್ಕೆ ಅದ್ವೈತಾಚಾರ್ಯರು ಹೇಳಿದ ಬೇರೆಬೇರೆ ನಿರ್ವಚನಗಳನ್ನು ಕಲೆಹಾಕಿ ಒಂದೊಂದನ್ನೂ ಅವರು ವಿಮರ್ಶಿಸಿದರು. ಆ ವಿಮರ್ಶೆಯು ಎಷ್ಟು ಸಮರ್ಥವಾಗಿತ್ತೆಂದರೆ, ಮಧುಸೂದನಸರಸ್ವತಿಗಳು ಅದಕ್ಕೆ ಉತ್ತರವಾಗಿಯೇ ಅದ್ವೈತಸಿದ್ಧಿಯನ್ನು ಬರೆಯಬೇಕಾಯಿತು. ಅದಕ್ಕೆ ಪ್ರತ್ಯುತ್ತರವಾಗಿ ರಾಮಾಚಾರ್ಯರ ತರಂಗಿಣಿ ಹುಟ್ಟಿತು. ಪರಪಕ್ಷವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಇರಿಸಿ ಉತ್ತರಿಸುವ ಈ ಪದ್ಧತಿಯಿಂದ ಎರಡು ದರ್ಶನಗಳೂ ಬೆಳೆದವು. ಮಂತ್ರಾಲಯದ ಶ್ರೀರಾಘವೇಂದ್ರಸ್ವಾಮಿಗಳು ತರ್ಕತಾಂಡವಕ್ಕೆ ನ್ಯಾಯದೀಪವನ್ನೂ ಚಂದ್ರಿಕೆಗೆ ಪ್ರಕಾಶವನ್ನೂ ರಚಿಸಿ ಈ ಗ್ರಂಥಗಳ ಮಾರ್ಗವನ್ನು ನಮಗೆ ಸುಗಮಗೊಳಿಸಿದರು. ಶ್ರೀವ್ಯಾಸರಾಜರೇ ಶ್ರೀರಾಘವೇಂದ್ರರಾಗಿ ಅವತರಿಸಿದರೆಂಬುದು ನಮ್ಮ ಸಂಪ್ರದಾಯದ ಶ್ರದ್ಧೆ.

ಇಂಥ ಪಂಡಿತಚಕ್ರವರ್ತಿಗಳ ಸನ್ನಿಧಿಯಲ್ಲಿಯೇ ದಾಸಕೂಟವು ಬೆಳೆಯಿತು. ಶ್ರೀವಿಜಯೀಂದ್ರತೀರ್ಥರಂಥ ವಿದ್ವಾಂಸರು ಶಿಷ್ಯರಾಗಿದ್ದಂತೆಯೇ ಶ್ರೀಪುರಂದರದಾಸರೂ ಶ್ರೀಕನಕದಾಸರೂ ಅವರ ಕೃಪೆಗೆ ಪಾತ್ರರಾದರು. ಸ್ವತಃ ಶ್ರೀಗಳವರು ಶ್ರೀಕೃಷ್ಣನ ಅಂಕಿತದಿಂದ ಕನ್ನಡದಲ್ಲಿ ಪದಗಳನ್ನು ರಚಿಸಿದರು. ನವ್ಯನ್ಯಾಯದ ಗಹನವನವನ್ನು ಶೋಧಿಸಿದ ಅದೇ ಲೇಖನಿಯು ಬಾಲಕೃಷ್ಣನನ್ನು ತಾಯಿಯಂತೆ ಕರೆಯಿತು.

ಕನಕದಾಸರ ಬಾಳೆಹಣ್ಣಿನ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಒಂದು ಏಕಾದಶಿಯಂದು ಗುರುಗಳು ಶಿಷ್ಯರಿಗೆಲ್ಲ ಒಂದೊಂದು ಹಣ್ಣನ್ನು ಕೊಟ್ಟು, ಯಾರೂ ನೋಡದ ಸ್ಥಳದಲ್ಲಿ ತಿಂದು ಬರುವಂತೆ ಆಜ್ಞಾಪಿಸಿದರೆಂದು ಪ್ರತೀತಿ. ಉಳಿದವರು ಮರೆಯನ್ನು ಹುಡುಕಿ ತಿಂದು ಬಂದರು. ಕನಕದಾಸರು ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದರು; ಭಗವಂತನು ನೋಡದ ಸ್ಥಳವೊಂದೂ ಅವರಿಗೆ ದೊರಕಲಿಲ್ಲ. ಹಣ್ಣು ತಿಂದವರಲ್ಲಿ ಈಶ್ವರನ ವಿಷಯವಾಗಿ ಪಂಚಾವಯವ ವಾಕ್ಯವನ್ನು ತಪ್ಪಿಲ್ಲದೆ ಹೇಳಬಲ್ಲ ಶಿಷ್ಯರೂ ಇದ್ದಿರಬೇಕು. ಆದರೆ ಆ ವಾಕ್ಯವು ಅವರನ್ನು ಹಣ್ಣು ತಿನ್ನದಂತೆ ತಡೆಯಲಿಲ್ಲ. ಯುಕ್ತಿಯು ಎಲ್ಲಿಯವರೆಗೆ ಕರೆದೊಯ್ಯಬಲ್ಲದು, ಎಲ್ಲಿ ನಿಲ್ಲುತ್ತದೆ ಎಂಬುದನ್ನು ತರ್ಕತಾಂಡವದ ಕರ್ತೃಗಳು ಒಂದು ಬಾಳೆಹಣ್ಣಿನಿಂದ ಶಿಷ್ಯಸಮೂಹಕ್ಕೆ ಪಾಠ ಹೇಳಿದರು.

೧೫೩೯ರಲ್ಲಿ, ವಿಲಂಬಿ ಸಂವತ್ಸರದ ಫಾಲ್ಗುಣ ಬಹುಳ ಚತುರ್ಥಿಯಂದು ಶ್ರೀಗಳವರು ಹರಿಧಾಮವನ್ನು ಸೇರಿದರು. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ, ನವವೃಂದಾವನಗಳ ಮಧ್ಯದಲ್ಲಿ ಅವರ ವೃಂದಾವನವಿದೆ. ೨೦೧೯ರ ಜುಲೈ ತಿಂಗಳಿನಲ್ಲಿ ನಿಧಿಯ ಆಸೆಯಿಂದ ದುಷ್ಕರ್ಮಿಗಳು ಅದನ್ನು ಒಡೆದು ಕೆಡವಿದಾಗ ದೇಶದ ಎಲ್ಲ ಭಾಗದ ಭಕ್ತರೂ ಕಣ್ಣೀರಿಟ್ಟರು. ಯತಿಗಳೂ ವಿದ್ವಾಂಸರೂ ಸೇವಕರೂ ಕೂಡಿ ಕೆಲವೇ ದಿನಗಳಲ್ಲಿ ಅದನ್ನು ಪುನಃ ನಿರ್ಮಿಸಿದರು. ಶ್ರೀಗಳವರು ಬಿಟ್ಟುಹೋದ ನಿಜವಾದ ನಿಧಿಯು ವ್ಯಾಸತ್ರಯವೆಂಬುದನ್ನು ಅಗೆದವರು ಅರಿಯರು. ಅದನ್ನು ತೆರೆದು ನೋಡದಿದ್ದರೆ ನಾವೂ ಅರಿತವರೆನಿಸುವುದಿಲ್ಲ.

ಆದುದರಿಂದ ಈ ಆರಾಧನೆಯ ಸಂದರ್ಭದಲ್ಲಿ ಪಾಲಕರಲ್ಲಿ ಒಂದು ವಿಜ್ಞಾಪನೆ. ಮನೆಯ ಮಕ್ಕಳು ದೇವರ ವಿಷಯದಲ್ಲಿ ಪ್ರಶ್ನೆ ಕೇಳಿದಾಗ ಅದನ್ನು ಅಶ್ರದ್ಧೆಯೆಂದು ತಿಳಿದು ಬಾಯಿಮುಚ್ಚಿಸಬಾರದು. ಆ ಕ್ಷಣಕ್ಕೆ ಸುಲಭವಾಗಿ ತೋಚಿದ ದುರ್ಬಲ ಯುಕ್ತಿಯನ್ನು ಕೊಟ್ಟು ಕಳುಹಿಸಲೂಬಾರದು. ಅದು ನಾಳೆ ಯಾವನೋ ಸಹಪಾಠಿಯ ಒಂದು ಮಾತಿಗೆ ಮುರಿದರೆ, ಅದರೊಡನೆ ಶ್ರದ್ಧೆಯೂ ಮುರಿಯುವ ಭಯವುಂಟು. ಆ ಆಕ್ಷೇಪವನ್ನು ನಮ್ಮ ಗುರುಗಳೇ ಮೊದಲು ಎತ್ತಿದ್ದಾರೆಂದು ಧೈರ್ಯವಾಗಿ ಹೇಳೋಣ. ನಮಗೆ ತಿಳಿಯದಿದ್ದಲ್ಲಿ ಬಲ್ಲವರ ಬಳಿಗೆ ಮಕ್ಕಳೊಡನೆ ನಾವೂ ಹೋಗಿ ಕುಳಿತು ಕೇಳೋಣ. ಕಂಚಿಗೆ ಹೊರಟಾಗ ಆ ತರುಣ ಯತಿಗಳು ಮಾಡಿದ್ದೂ ಅದನ್ನೇ.

ಶ್ರೀವ್ಯಾಸರಾಜಗುರ್ವಂತರ್ಗತ ಭಾರತೀರಮಣಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣನು ನಮ್ಮ ಮಕ್ಕಳಿಗೆ ಪ್ರಶ್ನಿಸುವ ಬುದ್ಧಿಯನ್ನೂ, ಉತ್ತರ ದೊರಕುವವರೆಗೆ ವಿಚಾರಿಸುವ ತಾಳ್ಮೆಯನ್ನೂ ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು